ಕರುಳು ಕೈಕೊಟ್ಟಾಗ

ಕನ್ನಡದಲ್ಲಿ ಕರುಳು ಎಂದರೆ ಹೊಟ್ಟೆಯೊಳಗಿನ ಅಂಗ ಮಾತ್ರವಲ್ಲ. ಮಗುವನ್ನು ಕರುಳ ಕುಡಿ ಎನ್ನುತ್ತೇವೆ. ಪರರ ಕಷ್ಟ ಕಂಡರೆ ಕರುಳು ಚುರುಕ್ ಎನ್ನುತ್ತದೆ. ದಯೆಯಿಲ್ಲದವನನ್ನು ಕರುಳಿಲ್ಲದವನು ಎಂದು ಬೈಯುತ್ತೇವೆ. ಆದರೆ ನಿಜಕ್ಕೂ ಕರುಳಿಲ್ಲದೆ, ಅಥವಾ ಗೇಣುದ್ದದ ಕರುಳಿನಲ್ಲಿ ಬದುಕುತ್ತಿರುವ ಮನುಷ್ಯರಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೃದಯ ವೈಫಲ್ಯ, ಕಿಡ್ನಿ ವೈಫಲ್ಯ ಎಂಬ ಮಾತುಗಳು ಚಹಾದಂಗಡಿಯಲ್ಲೂ ಕೇಳಿಬರುತ್ತವೆ. ಕರುಳಿನ ವೈಫಲ್ಯ ಎಂಬ ಮಾತು ಮಾತ್ರ ವೈದ್ಯರ ಕೋಣೆ ಬಿಟ್ಟು ಹೊರಗೆ ಬಂದಿಲ್ಲ.

ಇದಕ್ಕೆ ಕಾರಣವಿದೆ. ಸುಮಾರು 60 ವರ್ಷಗಳ ಹಿಂದಿನವರೆಗೆ ಕರುಳು ಕಳೆದುಕೊಂಡವರು ಬದುಕಿ ಉಳಿಯುತ್ತಿರಲಿಲ್ಲ. ರೋಗಿಯೇ ಉಳಿಯದಿದ್ದರೆ ರೋಗಕ್ಕೆ ಹೆಸರಿಡುವವರು ಯಾರು? 1981ರಲ್ಲಿ ಫ್ಲೆಮಿಂಗ್ ಮತ್ತು ರೆಮಿಂಗ್ಟನ್ ಎಂಬಿಬ್ಬರು ವೈದ್ಯರು ಇದಕ್ಕೊಂದು ವ್ಯಾಖ್ಯೆ ಕೊಟ್ಟರು. ತಿಂದದ್ದನ್ನು ಜೀರ್ಣಿಸಿ ಹೀರಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣಕ್ಕಿಂತಲೂ ಕೆಲಸ ಮಾಡುವ ಕರುಳು ಕಡಿಮೆಯಾಗುವುದೇ ಕರುಳಿನ ವೈಫಲ್ಯ ಎಂದರು. 2015ರಲ್ಲಿ ಯುರೋಪಿನ ತಜ್ಞರು ಇದನ್ನು ಇನ್ನಷ್ಟು ಬಿಗಿಗೊಳಿಸಿದರು. ಆರೋಗ್ಯವನ್ನೋ ಮಗುವಿನ ಬೆಳವಣಿಗೆಯನ್ನೋ ಕಾಪಾಡಲು ರಕ್ತನಾಳದ ಮೂಲಕ ಆಹಾರ ಅಥವಾ ನೀರು, ಲವಣ ಕೊಡಲೇಬೇಕಾದ ಸ್ಥಿತಿ ಬಂದಿದ್ದರೆ ಅದು ಕರುಳಿನ ವೈಫಲ್ಯ. ಅಂದರೆ ಚಿಕಿತ್ಸೆ ಹುಟ್ಟಿದ ಮೇಲೆ ರೋಗಕ್ಕೆ ಹೆಸರು ಬಂತು. ಆ ಚಿಕಿತ್ಸೆ ಹುಟ್ಟಿದ ಕಥೆ ನಾವು ತಿಳಿಯಬೇಕಾದದ್ದು. ಅದರಲ್ಲಿ ನಮ್ಮ ಉಪಖಂಡಕ್ಕೂ ಒಂದು ಪಾಲಿದೆ.

ಆರು ಮೀಟರಿನ ಲೆಕ್ಕ

ಪ್ರಾಯದ ಮನುಷ್ಯನ ಸಣ್ಣ ಕರುಳು ಸುಮಾರು ಆರು ಮೀಟರ್ ಉದ್ದ. ಕೆಲವರಲ್ಲಿ ಮೂರೇ ಮೀಟರ್ ಇರಬಹುದು, ಕೆಲವರಲ್ಲಿ ಎಂಟು. ನಾವು ದಿನಕ್ಕೆ ಎರಡು ಲೀಟರಿನಷ್ಟು ನೀರು ಕುಡಿಯುತ್ತೇವೆ. ಅದಕ್ಕೆ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ರಸ ಎಲ್ಲ ಸೇರಿ ಇನ್ನೂ ಆರೇಳು ಲೀಟರ್ ಕೂಡಿಕೊಳ್ಳುತ್ತದೆ. ಈ ಎಂಟೊಂಬತ್ತು ಲೀಟರನ್ನೂ ಕರುಳು ಮರಳಿ ಹೀರಿಕೊಂಡು, ಹೊರಗೆ ಬಿಡುವುದು ಒಂದು ಲೋಟಕ್ಕಿಂತಲೂ ಕಡಿಮೆ. ಕರುಳು ಹಾಳಾದಾಗ ಹೊಟ್ಟೆಗೆ ಹಾಕಿದ್ದಷ್ಟೇ ಅಲ್ಲ, ದೇಹದೊಳಗಿನ ನೀರೂ ಉಪ್ಪೂ ಹೊರಗೆ ಹರಿದು ಹೋಗುತ್ತವೆ. ಹಸಿವಿಗಿಂತ ಮೊದಲು ಪ್ರಾಣಕ್ಕೆ ಸಂಚಕಾರ ತರುವುದು ಈ ನೀರಿನ ನಷ್ಟ.

ಸಣ್ಣ ಕರುಳು ಎರಡು ಮೀಟರಿಗಿಂತ ಕಡಿಮೆ ಉಳಿದರೆ ಅದನ್ನು ಗಿಡ್ಡ ಕರುಳು ಎನ್ನುತ್ತಾರೆ. ಕರುಳಿನ ವೈಫಲ್ಯಕ್ಕೆ ಇದೇ ಮುಖ್ಯ ಕಾರಣ, ಆದರೆ ಒಂದೇ ಕಾರಣವಲ್ಲ. ಕರುಳಿನಿಂದ ಹೊಟ್ಟೆಯ ಚರ್ಮಕ್ಕೆ ತೂತು ಬಿದ್ದು ಆಹಾರ ಸೋರಿಹೋಗಬಹುದು. ಕರುಳು ಉದ್ದವಾಗಿದ್ದೂ ಅಲುಗಾಡದೆ ನಿಂತುಬಿಡಬಹುದು. ಎಲ್ಲೋ ಅಡ್ಡಗಟ್ಟಿಕೊಳ್ಳಬಹುದು. ಒಳಪದರವೇ ಸವೆದುಹೋಗಬಹುದು. ಕೆಲವರಲ್ಲಿ ಇದು ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನಗಳ ಕಾಟ. ಕೆಲವರಲ್ಲಿ ವಾರ, ತಿಂಗಳುಗಳ ಹೋರಾಟ. ಉಳಿದವರಲ್ಲಿ ಅದು ವರ್ಷಗಟ್ಟಲೆಯ, ಹಲವೊಮ್ಮೆ ಜೀವನಪರ್ಯಂತದ ಸಂಗಾತಿ.

ಹೊಲಿಗೆ ಗೊತ್ತಿತ್ತು, ಉಣಿಸಲು ಗೊತ್ತಿರಲಿಲ್ಲ

ಹರಿದ ಕರುಳನ್ನು ಹೊಲಿಯುವ ವಿದ್ಯೆ ಬಹಳ ಹಳೆಯದು. ತೂತಾದ ಕರುಳಿನ ಅಂಚುಗಳನ್ನು ದೊಡ್ಡ ಕರಿ ಇರುವೆಗಳಿಂದ ಕಚ್ಚಿಸಿ, ದೇಹ ಕತ್ತರಿಸಿ ತಲೆಯನ್ನು ಅಲ್ಲೇ ಬಿಟ್ಟು ಗಾಯ ಮುಚ್ಚುವ ವಿಧಾನವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಶತಮಾನಗಳ ನಂತರ ಸ್ಪೇನಿನ ಕುರ್ತುಬಾದ, ಅಂದರೆ ಇಂದಿನ ಕೊರ್ಡೋಬಾದ, ವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಎಂಬ 30 ಭಾಗಗಳ ಗ್ರಂಥದಲ್ಲಿ ಇದೇ ಇರುವೆಯ ಉಪಾಯವನ್ನು ವಿವರಿಸುತ್ತಾರೆ. ಪ್ರಾಣಿಗಳ ಕರುಳಿನಿಂದ ತೆಗೆದ ಸಣ್ಣ ಎಳೆಯಿಂದ ಕರುಳನ್ನು ಹೊಲಿಯುವ ಮಾತೂ ಅದರಲ್ಲಿದೆ. 1013ರಲ್ಲಿ ತೀರಿಕೊಂಡ ಈ ವೈದ್ಯರ ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾಗಿ ಶತಮಾನಗಳ ಕಾಲ ಯುರೋಪಿನ ಶಸ್ತ್ರವೈದ್ಯರ ಕೈಪಿಡಿಯಾಗಿತ್ತು.

ಆದರೆ ಹೊಲಿಯಲು ಕರುಳು ಉಳಿದಿದ್ದರೆ ತಾನೆ ಹೊಲಿಗೆ? ಕರುಳು ಕೆಲಸ ಮಾಡದವನಿಗೆ ಉಣಿಸುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಬಾಯಿಂದ ಆಗದಿದ್ದರೆ ಗುದದ್ವಾರದಿಂದ ಮೊಟ್ಟೆ, ಮಾಂಸದ ರಸ ಏರಿಸುವುದು 19ನೇ ಶತಮಾನದ ರೂಢಿ. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ ವೈದ್ಯರು ಮಾಡಿದ್ದೂ ಇದನ್ನೇ. ದೊಡ್ಡ ಕರುಳು ನೀರು, ಉಪ್ಪನ್ನು ಹೀರಬಲ್ಲದೇ ಹೊರತು ಮಾಂಸ, ಮೊಟ್ಟೆಯ ಸತ್ವವನ್ನಲ್ಲ. ಗಾಯದ ನಂಜಿನ ಜೊತೆ ಹಸಿವೂ ಸೇರಿ ದಷ್ಟಪುಷ್ಟವಾಗಿದ್ದ ಅಧ್ಯಕ್ಷರು ಮೂಳೆ ಚಕ್ಕಳವಾಗಿ, ಸುಮಾರು 80 ದಿನಗಳ ನಂತರ ತೀರಿಕೊಂಡರು. ಅಧಿಕಾರ, ಹಣ, ವೈದ್ಯರ ದಂಡು ಎಲ್ಲ ಇದ್ದೂ ಒಂದು ತುತ್ತು ದೇಹಕ್ಕೆ ಸೇರಿಸಲಾಗಲಿಲ್ಲ.

ಕಾಲರಾ ಕಲಿಸಿದ ಮೊದಲ ಪಾಠ

ಹಾಗಾದರೆ ನೇರ ರಕ್ತಕ್ಕೇ ಉಣಿಸಬಾರದೇಕೆ? 1628ರಲ್ಲಿ ವಿಲಿಯಂ ಹಾರ್ವೆ ರಕ್ತದ ಪರಿಚಲನೆಯನ್ನು ವಿವರಿಸಿದ ಮೇಲೆ ಈ ಆಲೋಚನೆ ಹುಟ್ಟಿತು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಕಟ್ಟಿ ಹೆಸರಾದ ಕ್ರಿಸ್ಟೋಫರ್ ರೆನ್, 1656ರ ಸುಮಾರಿಗೆ ಹಕ್ಕಿಯ ಗರಿಯ ಕೊಳವೆ ಮತ್ತು ಪ್ರಾಣಿಯ ಮೂತ್ರಕೋಶದ ಚೀಲ ಬಳಸಿ ನಾಯಿಯ ರಕ್ತನಾಳಕ್ಕೆ ಮದ್ಯವನ್ನು ಏರಿಸಿದರು. ಅದು ಬರೀ ಕುತೂಹಲದ ಪ್ರಯೋಗ.

ಅದನ್ನು ಚಿಕಿತ್ಸೆಯಾಗಿಸಿದ್ದು ಕಾಲರಾ. 1817ರಲ್ಲಿ ಬಂಗಾಳದಿಂದ ಹೊರಟ ಮಾರಿ 1831ರಲ್ಲಿ ಬ್ರಿಟನ್ ತಲುಪಿತು. ಐರಿಷ್ ಯುವ ವೈದ್ಯ ವಿಲಿಯಂ ಓಶಾನೆಸಿ ರೋಗಿಗಳ ರಕ್ತ ಪರೀಕ್ಷಿಸಿ, ಅದರಿಂದ ನೀರೂ ಲವಣವೂ ನಷ್ಟವಾಗಿವೆ, ಅವನ್ನು ಮರಳಿ ತುಂಬಬೇಕು ಎಂದರು. ಮರು ವರ್ಷ, ಅಂದರೆ 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಟ್ಟಾ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಉಪ್ಪುನೀರು ಏರಿಸಿದರು. ಗುಳಿಬಿದ್ದ ಕಣ್ಣುಗಳು ಹೊಳೆದವು, ತಣ್ಣಗಾಗಿದ್ದ ಕೈಕಾಲು ಬಿಸಿಯಾದವು. ಆದರೆ ಉಪಚಾರ ನಿಂತ ಮೇಲೆ ಭೇದಿ ಮರುಕಳಿಸಿ ಆಕೆ ಉಳಿಯಲಿಲ್ಲ. ಮುಂದೆ ಕೆಲವು ರೋಗಿಗಳು ಉಳಿದರು. ಮರುವರ್ಷ ಲಟ್ಟಾ ತೀರಿಕೊಂಡರು, ವಿದ್ಯೆಯೂ ಬಹುಕಾಲ ಮೂಲೆ ಸೇರಿತು. ಓಶಾನೆಸಿ 1833ರಲ್ಲಿ ಕಲ್ಕತ್ತಕ್ಕೆ ಬಂದು, ಮುಂದೆ ಭಾರತಕ್ಕೆ ತಂತಿ ಸಂಪರ್ಕ ಹಾಸಿದವರೆಂದು ಹೆಸರಾದರು. ಇಂದು ಆಸ್ಪತ್ರೆಗಳಲ್ಲಿ ತೂಗುವ ಪ್ರತಿ ಸಲೈನ್ ಬಾಟಲಿಯ ಹಿಂದೆ ಈ ಇಬ್ಬರಿದ್ದಾರೆ.

ಗ್ಲೂಕೋಸ್ ಬಾಟಲಿಯ ಭ್ರಮೆ

ಉಪ್ಪುನೀರು ಏರಿಸುವುದು ಒಂದು, ಊಟ ಏರಿಸುವುದು ಇನ್ನೊಂದು. ನಮ್ಮಲ್ಲಿ ಸ್ವಲ್ಪ ಸುಸ್ತಾದರೆ ‘ಒಂದು ಗ್ಲೂಕೋಸ್ ಹಾಕಿಸಿಕೊಂಡು ಬರುತ್ತೇನೆ’ ಎನ್ನುವವರಿದ್ದಾರೆ. ಸಾಮಾನ್ಯವಾಗಿ ಹಾಕುವ ಒಂದು ಲೀಟರ್ ಗ್ಲೂಕೋಸ್ ನೀರಿನಲ್ಲಿರುವುದು 50 ಗ್ರಾಂ ಸಕ್ಕರೆ, ಸುಮಾರು 170 ಕ್ಯಾಲರಿ. ಎರಡು ಚಪಾತಿಗಳಷ್ಟು ಎನ್ನಿ. ಒಬ್ಬ ಮನುಷ್ಯನ ದಿನದ 2000 ಕ್ಯಾಲರಿಗೆ ಇಂತಹ ಹನ್ನೆರಡು ಲೀಟರ್ ಏರಿಸಬೇಕು. ಅಷ್ಟು ನೀರು ಏರಿಸಿದರೆ ಶ್ವಾಸಕೋಶಕ್ಕೇ ನೀರು ತುಂಬುತ್ತದೆ. ನೀರು ಕಡಿಮೆ ಮಾಡಿ ಸಕ್ಕರೆ ಹೆಚ್ಚಿಸಿದರೆ ಕೈಯ ಸಣ್ಣ ರಕ್ತನಾಳ ಉರಿದು ಮುಚ್ಚಿಹೋಗುತ್ತದೆ. ದಶಕಗಳ ಕಾಲ ವೈದ್ಯರು ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲಿ.

ಒಂದೊಂದೇ ಗಂಟು ಬಿಚ್ಚಿತು. ಪ್ರೋಟೀನನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ ದೇಹ ತಿರುಗಿಬೀಳುತ್ತದೆ, ಒಡೆದು ಚೂರು ಮಾಡಿ ಕೊಡಬೇಕು. ಅಮೆರಿಕದ ರಾಬರ್ಟ್ ಎಲ್ಮನ್ 1930ರ ದಶಕದಲ್ಲಿ ಹಾಗೆ ಒಡೆದ ಪ್ರೋಟೀನನ್ನು ಮನುಷ್ಯರಿಗೆ ಏರಿಸಿ ತೋರಿಸಿದರು. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ. ಹತ್ತಿಬೀಜದ ಎಣ್ಣೆಯಿಂದ ಮಾಡಿದ ದ್ರವ ಅಮೆರಿಕದಲ್ಲಿ ರೋಗಿಗಳಿಗೆ ವಿಷವಾಗಿ ಪರಿಣಮಿಸಿ ಮಾರುಕಟ್ಟೆಯಿಂದ ಮಾಯವಾಯಿತು. ಸ್ವೀಡನ್ನಿನ ಆರ್ವಿದ್ ರೆಟ್ಲಿಂಡ್ ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಅಂಶದೊಂದಿಗೆ ಕಲಸಿ, ಹಾಲಿನಂತಹ ದ್ರವವೊಂದನ್ನು ತಯಾರಿಸಿದರು. 1962ರಲ್ಲಿ ಅಲ್ಲಿ ಬಳಕೆಗೆ ಬಂದ ‘ಇಂಟ್ರಾಲಿಪಿಡ್’ ಇಂದಿಗೂ ಉಳಿದಿದೆ. ಇನ್ನು ದಾರಿಯ ಪ್ರಶ್ನೆ. ಫ್ರೆಂಚ್ ವೈದ್ಯ ರಾಬರ್ಟ್ ಒಬಾನಿಯಾಕ್ 1952ರಲ್ಲಿ ಕತ್ತಿನೆಲುಬಿನ ಕೆಳಗಿನ ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕುವ ಕ್ರಮವನ್ನು ಪ್ರಕಟಿಸಿದರು. ಹೃದಯದ ಹತ್ತಿರದ ಆ ದೊಡ್ಡ ನಾಳದಲ್ಲಿ ರಕ್ತ ರಭಸದಿಂದ ಹರಿಯುವುದರಿಂದ ಎಷ್ಟೇ ಗಟ್ಟಿ ಸಕ್ಕರೆ ನೀರೂ ಕ್ಷಣದಲ್ಲಿ ಬೆರೆತು ತಿಳಿಯಾಗುತ್ತದೆ.

ಫಿಲಡೆಲ್ಫಿಯಾದ ಆ ಮಗು

ಈ ಎಳೆಗಳನ್ನು ಒಟ್ಟು ಹೆಣೆದವರು ಅಮೆರಿಕದ ಫಿಲಡೆಲ್ಫಿಯಾದ ಯುವ ಶಸ್ತ್ರವೈದ್ಯ ಸ್ಟ್ಯಾನ್ಲಿ ಡಡ್ರಿಕ್. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿದ್ದ ರೋಗಿಗಳು ಉಣ್ಣಲಾಗದೆ ಸೊರಗಿ ಸಾಯುವುದನ್ನು ಅವರು ಕಂಡಿದ್ದರು. ಗುರು ಜೊನಾಥನ್ ರೋಡ್ಸ್ ಅವರ ಮಾರ್ಗದರ್ಶನದಲ್ಲಿ ಮೊದಲು ಬೀಗಲ್ ಜಾತಿಯ ನಾಯಿಮರಿಗಳಿಗೆ ತಿಂಗಳುಗಟ್ಟಲೆ ರಕ್ತನಾಳದಿಂದಲೇ ಎಲ್ಲ ಆಹಾರ ಕೊಟ್ಟರು. ಬಾಯಿಯಿಂದ ಒಂದು ತುತ್ತೂ ತಿನ್ನದೆ ಅವು ಬಾಯಿಯಿಂದ ತಿಂದ ಮರಿಗಳಂತೆಯೇ ಬೆಳೆದವು.

1967ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಶಿಶುವಿತ್ತು. ಹುಟ್ಟುವಾಗಲೇ ಅದರ ಸಣ್ಣ ಕರುಳು ಹೆಚ್ಚುಕಡಿಮೆ ಇರಲೇ ಇಲ್ಲ. ತೂಕ ಎರಡು ಕಿಲೋಗಿಂತ ಕೆಳಗಿಳಿದಿತ್ತು. ಡಡ್ರಿಕ್ ಮತ್ತು ಡಗ್ಲಾಸ್ ವಿಲ್ಮೋರ್ ಆ ಎಳೆಗೂಸಿನ ದೊಡ್ಡ ರಕ್ತನಾಳಕ್ಕೆ ಸಣ್ಣ ಕೊಳವೆ ಇಟ್ಟು ಸಕ್ಕರೆ, ಪ್ರೋಟೀನ್, ಲವಣ, ವಿಟಮಿನ್‌ಗಳನ್ನು ಹನಿಹನಿಯಾಗಿ ಏರಿಸಿದರು. ಮಗುವಿನ ತೂಕ ಏರಿತು, ಮೈ ಬೆಳೆಯಿತು. ಒಂದು ಜೀವ ಕರುಳಿಲ್ಲದೆ ಬೆಳೆಯುವುದನ್ನು ಜಗತ್ತು ಮೊದಲ ಬಾರಿಗೆ ಕಂಡಿತು. 22 ತಿಂಗಳ ಪ್ರಾಯದಲ್ಲಿ ಆ ಮಗು ತೀರಿಕೊಂಡಿತು. ಅದು ಬಿಟ್ಟುಹೋದ ಪಾಠದಿಂದ ಬದುಕಿದವರು ಲಕ್ಷಾಂತರ ಮಂದಿ.

ಆಸ್ಪತ್ರೆಯಿಂದ ಮನೆಗೆ

ಜೀವನವಿಡೀ ಆಸ್ಪತ್ರೆಯ ಮಂಚದಲ್ಲಿ ಕಳೆಯಲು ಸಾಧ್ಯವೇ? 1970ರಲ್ಲಿ ಕೆನಡಾದ ಟೊರಾಂಟೋದಲ್ಲಿ ಜೂಡಿ ಟೇಲರ್ ಎಂಬ ತಾಯಿಯ ಕರುಳಿನ ರಕ್ತನಾಳಗಳು ಹೆಪ್ಪುಗಟ್ಟಿ, ಸತ್ತುಹೋದ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಆಕೆಯನ್ನು ನೋಡಿಕೊಂಡ ವೈದ್ಯರು ಖುರ್ಷಿದ್ ಜೀಜೀಭಾಯ್. ಇವರು ಓದಿದ್ದು ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಎದೆಯ ಕೊಳವೆಗೆ ರಾತ್ರಿ ಬಾಟಲಿ ಜೋಡಿಸಿ ಮಲಗುವುದು, ಬೆಳಗ್ಗೆ ಬಿಚ್ಚಿ ಮನೆಗೆಲಸ ಮಾಡುವುದನ್ನು ಆಕೆಗೆ ಕಲಿಸಲಾಯಿತು. ಹೀಗೆ ಆಕೆ ಸುಮಾರು 20 ವರ್ಷ ಮಕ್ಕಳೊಡನೆ ಬದುಕಿದರು. ಅದೇ ಕಾಲದಲ್ಲಿ ಡಯಾಲಿಸಿಸ್‌ಗೆ ದಾರಿ ಮಾಡಿದ್ದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ‘ಕೃತಕ ಕಿಡ್ನಿಯಂತೆ ಕೃತಕ ಕರುಳು’ ಎಂಬ ಕಲ್ಪನೆಯ ಹಿಂದೆ ಬಿದ್ದಿದ್ದರು. ಚರ್ಮದಡಿ ಸುರಂಗದಂತೆ ಸಾಗುವ, ಬೇಗ ನಂಜಾಗದ ಕೊಳವೆ 1973ರಲ್ಲಿ ಬ್ರೋವಿಯಾಕ್ ಹೆಸರಿನಲ್ಲಿ, 1979ರಲ್ಲಿ ಹಿಕ್ಮನ್ ಹೆಸರಿನಲ್ಲಿ ಅಲ್ಲಿಂದಲೇ ಬಂತು.

ಕರುಳು ಏನೇನು ಮಾಡುತ್ತಿತ್ತು ಎಂಬುದು ಕರುಳಿಲ್ಲದವರಿಂದಲೇ ತಿಳಿಯತೊಡಗಿತು. ಸತು ಕಡಿಮೆಯಾದಾಗ ಚರ್ಮ ಒಡೆಯಿತು. ಸೆಲೆನಿಯಂ ಇಲ್ಲದೆ ಮಾಂಸಖಂಡಗಳು ನೊಂದವು. 1977ರಲ್ಲಿ ಜೀಜೀಭಾಯ್ ಅವರ ತಂಡ ವರದಿ ಮಾಡಿದ ಒಬ್ಬ ರೋಗಿಗೆ ವರ್ಷಗಟ್ಟಲೆ ಈ ಆಹಾರದ ನಂತರ ಸಕ್ಕರೆ ಏರಿ ನರಗಳು ಸೋಲತೊಡಗಿದ್ದವು. ಕೊರತೆ ಇದ್ದದ್ದು ಚಿಟಿಕೆಗೂ ಸಿಗದಷ್ಟು ಕ್ರೋಮಿಯಂನದು. ಅನ್ನ, ಸೊಪ್ಪು, ಬೇಳೆಯಿಂದ ನಾವು ತಿಳಿಯದೆಯೇ ಪಡೆಯುವುದನ್ನು ಬಾಟಲಿಗೆ ತುಂಬಲು ವಿಜ್ಞಾನಕ್ಕೆ ದಶಕಗಳು ಹಿಡಿದವು.

ಕಾಲರಾ ಕಲಿಸಿದ ಎರಡನೇ ಪಾಠ

ಇಷ್ಟೆಲ್ಲ ಹಣವಂತ ದೇಶಗಳ ಕಥೆಯಾಯಿತು. ಅದೇ ವರ್ಷಗಳಲ್ಲಿ ಬಡ ನಾಡಿನಲ್ಲಿ ಇನ್ನೊಂದು ಪಾಠ ಸಿದ್ಧವಾಗುತ್ತಿತ್ತು. ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪು ಕೈಹಿಡಿದು ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಸೂಚಿಸಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್, ರಫೀಕುಲ್ ಇಸ್ಲಾಂ ಮತ್ತು ಸಂಗಡಿಗರು ಕಾಲರಾ ರೋಗಿಗಳಿಗೆ ಬಾಯಿಯಿಂದಲೇ ಸಕ್ಕರೆ-ಉಪ್ಪಿನ ನೀರು ಕೊಟ್ಟು ಅದನ್ನು ಸಾಧಿಸಿ ತೋರಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿದಾಗ ಕಲ್ಕತ್ತದ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಈ ನೀರು ಕಲಸಿ ಹಂಚಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು.

ಈ ಅಗ್ಗದ ನೀರು ಗಿಡ್ಡ ಕರುಳಿನವರಿಗೂ ಜೀವಜಲ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿರುವ ರೋಗಿಗೆ ಬಾಯಾರಿಕೆ ವಿಪರೀತ. ಮನೆಯವರು ಮರುಗಿ ಬರೀ ನೀರು, ಚಹಾ, ಎಳನೀರು ಕೊಡುತ್ತಾರೆ. ಆದರೆ ಕರುಳಿನ ಮೇಲ್ಭಾಗ ಮಾತ್ರ ಉಳಿದವರಲ್ಲಿ ಉಪ್ಪು ಕಡಿಮೆಯಿರುವ ನೀರು ಒಳಗೆ ಹೋದರೆ ದೇಹದ ಉಪ್ಪೇ ಕರುಳಿಗೆ ಸೋರಿ, ಕುಡಿದದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಕುಡಿದಷ್ಟೂ ಬಾಯಾರಿಕೆ ಏರುತ್ತದೆ. ಎಳನೀರಿನಲ್ಲಿ ಪೊಟ್ಯಾಷಿಯಂ ಧಾರಾಳ, ಉಪ್ಪಿನ ಅಂಶ ಕಡಿಮೆ. ಇಂಥವರಿಗೆ ಬರೀ ನೀರನ್ನು ಮಿತಗೊಳಿಸಿ, ಉಪ್ಪು ಹೆಚ್ಚಿರುವ ಓಆರ್‌ಎಸ್‌ಅನ್ನು ವೈದ್ಯರು ಹೇಳಿದ ಅಳತೆಯಲ್ಲಿ ಗುಟುಕು ಗುಟುಕಾಗಿ ಕೊಡಬೇಕು. ಎಷ್ಟೋ ಮಂದಿಗೆ ಇದರಿಂದಲೇ ಸಲೈನಿನ ಹಂಗು ತಪ್ಪುತ್ತದೆ.

ಉಳಿದ ಕರುಳಿನ ಜೋಪಾನ

ಇಂಗ್ಲೆಂಡಿನ ಸ್ಯಾಲ್ಫರ್ಡ್‌ನ ಹೋಪ್ ಆಸ್ಪತ್ರೆ, ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಘಟಕಗಳು ಬೆಳೆದವು. ಅವು ಕಲಿಸಿದ ಕ್ರಮ ಸರಳ. ಮೊದಲು ನಂಜನ್ನು ಹತೋಟಿಗೆ ತರಬೇಕು. ಆಮೇಲೆ ಪೋಷಣೆ. ಆಮೇಲೆ ಎಷ್ಟು ಕರುಳು, ಎಲ್ಲಿ ಉಳಿದಿದೆ ಎಂಬ ನಕ್ಷೆ. ಎಲ್ಲ ಆದ ಮೇಲೆ, ಸಾಮಾನ್ಯವಾಗಿ ತಿಂಗಳುಗಳ ನಂತರ, ಮರು ಶಸ್ತ್ರಚಿಕಿತ್ಸೆ. ಅವಸರ ಮಾಡಿ ಹೊಟ್ಟೆ ತೆರೆದರೆ ಇದ್ದ ಕರುಳೂ ಹೋಗುತ್ತದೆ.

ಉಳಿದ ಕರುಳು ಒಂದೆರಡು ವರ್ಷಗಳಲ್ಲಿ ತಾನಾಗಿ ಹಿಗ್ಗಿ ಹೆಚ್ಚು ಹೀರಲು ಕಲಿಯುತ್ತದೆ. ಅದಕ್ಕೆ ಪ್ರಚೋದನೆ ಬಾಯಿಯಿಂದ ತಿನ್ನುವ ಆಹಾರವೇ. ಆದ್ದರಿಂದ ರಕ್ತನಾಳದಿಂದ ಎಷ್ಟೇ ಕೊಟ್ಟರೂ ಸಾಧ್ಯವಿದ್ದವರಿಗೆ ಬಾಯಿಯಿಂದ ಸ್ವಲ್ಪವಾದರೂ ಉಣಿಸುತ್ತಾರೆ. ದೊಡ್ಡ ಕರುಳು ಉಳಿದಿದ್ದರೆ ಅದು ಅನ್ನದಂತಹ ಪಿಷ್ಟವನ್ನು ಹುದುಗಿಸಿ ಒಂದಷ್ಟು ಶಕ್ತಿ ಸಂಪಾದಿಸುತ್ತದೆ. ಕರುಳಿನ ಕೊನೆಯ ಭಾಗ ಹೋಗಿದ್ದರೆ ಬಿ12 ಇಂಜೆಕ್ಷನ್ ಆಜೀವ ಪರ್ಯಂತ.

ರಕ್ತನಾಳದ ಊಟಕ್ಕೆ ಎರಡು ಶತ್ರುಗಳು. ಕೊಳವೆಯ ನಂಜು ಒಂದು. ಕೈ ತೊಳೆಯದ ಒಂದು ಬೆರಳು ಸಾಕು, ರೋಗಾಣು ನೇರ ರಕ್ತಕ್ಕೆ. ಲಿವರ್ ಕೆಡುವುದು ಇನ್ನೊಂದು, ಮುಖ್ಯವಾಗಿ ಮಕ್ಕಳಲ್ಲಿ. ಇದಕ್ಕೆ ಬಾಸ್ಟನ್ನಿನ ವೈದ್ಯರು ಸೋಯಾ ಬದಲು ಮೀನೆಣ್ಣೆ ಬಳಸಿ ದಾರಿ ತೋರಿಸಿದರು, 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಹಿಗ್ಗಿದ ಕರುಳನ್ನು ಉದ್ದಕ್ಕೆ ಸೀಳಿ ಎರಡು ಕೊಳವೆ ಮಾಡಿ ಜೋಡಿಸುವ ಉಪಾಯವನ್ನು ಏಡ್ರಿಯನ್ ಬಿಯಾಂಚಿ 1980ರಲ್ಲಿ ಹೇಳಿದರು. ಅಂಕುಡೊಂಕಾಗಿ ಕ್ಲಿಪ್ ಹಾಕಿ ಉದ್ದ ಮಾಡುವ ಸುಲಭದ ವಿಧಾನ 2003ರಲ್ಲಿ ಬಂತು. ಕರುಳಿನ ಒಳಪದರವನ್ನು ಬೆಳೆಸುವ ಟೆಡುಗ್ಲುಟೈಡ್ ಎಂಬ ಇಂಜೆಕ್ಷನ್ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಎಲ್ಲ ದಾರಿ ಮುಚ್ಚಿದವರಿಗೆ ಕರುಳಿನ ಕಸಿ. 1960ರ ದಶಕದ ಪ್ರಯತ್ನಗಳೆಲ್ಲ ಸೋತವು, ಏಕೆಂದರೆ ದೇಹ ಪರರ ಕರುಳನ್ನು ಕಿಡ್ನಿಗಿಂತಲೂ ಉಗ್ರವಾಗಿ ತಿರಸ್ಕರಿಸುತ್ತದೆ. ಜಪಾನಿನ ಸುಕುಬಾದ ಮಣ್ಣಿನಲ್ಲಿ 1984ರಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ ಟ್ಯಾಕ್ರೋಲಿಮಸ್ ಔಷಧಿ ದೊರೆತ ಮೇಲೆ, 1990ರಿಂದ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜಲ್ ಅವರ ತಂಡ ಇದನ್ನು ಸಾಧ್ಯವಾಗಿಸಿತು. ಈಗ ಭಾರತದ ಕೆಲವು ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಆದರೂ ಮನೆಯಲ್ಲಿ ರಕ್ತನಾಳದ ಆಹಾರ ಪಡೆಯುವವರಲ್ಲಿ ಐದು ವರ್ಷದ ನಂತರ ಸುಮಾರು ಮುಕ್ಕಾಲು ಪಾಲು ಮಂದಿ ಬದುಕಿರುತ್ತಾರೆ, ಕಸಿ ಮಾಡಿಸಿಕೊಂಡವರಲ್ಲಿ ಅಷ್ಟಿಲ್ಲ. ಆದ್ದರಿಂದ ಕಸಿಯನ್ನು ಕೊನೆಯ ದಾರಿಯಾಗಿಯೇ ನೋಡಲಾಗುತ್ತದೆ.

ನಮ್ಮ ಕೈಯಲ್ಲಿರುವುದು

ಬ್ರಿಟನ್, ಕೆನಡಾ, ಫ್ರಾನ್ಸ್‌ಗಳಲ್ಲಿ ಮನೆಬಾಗಿಲಿಗೆ ಬರುವ ಈ ಬಾಟಲಿಗಳ ಖರ್ಚನ್ನು ಸಾರ್ವಜನಿಕ ಹಣ ಭರಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ರೋಗಿಯ ಮನೆಯವರೇ ಭರಿಸಬೇಕು. ದಿನಗೂಲಿಯವನ ಮನೆಯಲ್ಲಿ ಇದು ಎಷ್ಟು ದಿನ ನಡೆದೀತು? ಟೊರಾಂಟೋದ ತಾಯಿಗೆ ಸಿಕ್ಕ 20 ವರ್ಷ ನಮ್ಮ ಊರಿನ ತಾಯಿಗೆ ಇನ್ನೂ ಸಿಕ್ಕಿಲ್ಲ. ಡಯಾಲಿಸಿಸ್ ಒಂದು ಕಾಲದಲ್ಲಿ ಶ್ರೀಮಂತರ ಚಿಕಿತ್ಸೆಯಾಗಿತ್ತು, ಇಂದು ತಾಲೂಕು ಆಸ್ಪತ್ರೆಗೂ ಬಂದಿದೆ. ಜನ ಕೇಳಿದ್ದರಿಂದ ಬಂತು. ಹೆಸರೇ ಗೊತ್ತಿಲ್ಲದ ರೋಗಕ್ಕಾಗಿ ಕೇಳುವವರು ಯಾರು? ಅದಕ್ಕಾಗಿಯೂ ಈ ಹೆಸರು ನಮಗೆ ತಿಳಿದಿರಬೇಕು.

ಅದಕ್ಕಿಂತ ಮೊದಲು, ಕರುಳು ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ನಮ್ಮಲ್ಲಿ ದೊಡ್ಡವರು ಕರುಳು ಕಳೆದುಕೊಳ್ಳುವುದು ಬಹುಮಟ್ಟಿಗೆ ರಕ್ತನಾಳ ಹೆಪ್ಪುಗಟ್ಟಿ ಅಥವಾ ಕರುಳು ತಿರುಚಿಕೊಂಡು. ಹೊಟ್ಟೆ ಮುಟ್ಟಿದರೆ ಮೆತ್ತಗಿರುತ್ತದೆ, ನೋವು ಮಾತ್ರ ತಡೆಯಲಾಗದು, ಅದರಲ್ಲೂ ಹೃದಯದ ತೊಂದರೆ ಇರುವವರಲ್ಲಿ. ಇಂತಹ ನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ ಜೀರಿಗೆ ಕಷಾಯ, ಸೋಡಾ, ಮಾತ್ರೆಗಳಲ್ಲಿ ರಾತ್ರಿ ಕಳೆದರೆ ಬೆಳಗಾಗುವಷ್ಟರಲ್ಲಿ ಕರುಳು ಕಪ್ಪಾಗಿರುತ್ತದೆ. ನವಜಾತ ಶಿಶು ಹಸಿರು ಬಣ್ಣದ ವಾಂತಿ ಮಾಡಿದರೆ, ಕರುಳು ತಿರುಚಿಕೊಂಡಿರಬಹುದು ಎಂದೇ ತಿಳಿದು ಆ ಗಳಿಗೆಯಲ್ಲೇ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಓಡಬೇಕು. ಬೇಗ ತಲುಪಿದರೆ ಮುಚ್ಚಿದ ನಾಳ ತೆರೆಯಬಹುದು, ತಿರುಚಿದ್ದನ್ನು ಬಿಡಿಸಬಹುದು. ಸಂಶಯವಿದ್ದ ಭಾಗವನ್ನು ಕತ್ತರಿಸದೆ ಬಿಟ್ಟು, ಒಂದೆರಡು ದಿನದಲ್ಲಿ ಮತ್ತೆ ಹೊಟ್ಟೆ ತೆರೆದು ನೋಡುವ ಕ್ರಮವೂ ಇದೆ. ಹಾಗೆ ಉಳಿಸಿದ ಒಂದೊಂದು ಗೇಣು ಕರುಳೂ ಮುಂದೆ ಆ ಮನುಷ್ಯ ಬಾಟಲಿಯ ಹಂಗಿಲ್ಲದೆ ಮನೆಯವರೊಡನೆ ಕುಳಿತು ಉಣ್ಣುವನೇ ಎಂಬುದನ್ನು ನಿರ್ಧರಿಸಬಹುದು.